ಮುಂಬೈ ಫ್ಲ್ಯಾಟಿಗೆ ಯಾವ ಪಫರ್ ಮೀನು? ಮೂರರ ಜೊತೆಗೂ ಒಡನಾಡಿದ ಮೇಲೆ

ಉಪ್ಪುನೀರಿನ ಟ್ಯಾಂಕಿನಲ್ಲಿ ಪಫರ್, ಅಂದರೆ ಹೆದರಿದಾಗ ಚೆಂಡಿನಂತೆ ಉಬ್ಬುವ ಮೀನು, ಸಾಕಬೇಕು ಅಂತ ಆಸೆಪಟ್ಟವರ ಮುಂದೆ ಮುಂಬೈಯಲ್ಲಿ ಸಾಮಾನ್ಯವಾಗಿ ಮೂರು ಮೀನು ಬರುತ್ತವೆ. ದೊಡ್ಡ ಕಣ್ಣಿನ ಮುಳ್ಳು ಪಫರ್, ಅಂಗಡಿಯವರು ಪೊರ್ಕ್ಯುಪೈನ್ ಅನ್ನುತ್ತಾರೆ. ಬೆರಳುದ್ದದ ವ್ಯಾಲೆಂಟಿನಿ. ಆಮೇಲೆ ಹಸಿರು ಮೈಮೇಲೆ ಕಪ್ಪು ಚುಕ್ಕೆಯಿರುವ ಗ್ರೀನ್ ಸ್ಪಾಟೆಡ್. ಈ ಮೂರನೆಯದನ್ನು ಸಿಹಿನೀರಿನ ಮೀನು ಅಂತಲೇ ಮಾರುತ್ತಾರೆ. ಆದರೆ ಬೆಳೆದಂತೆಲ್ಲ ಅದಕ್ಕೆ ಉಪ್ಪು ಬೇಕು.

ವ್ಯಾಲೆಂಟಿನಿ ಮತ್ತು ಗ್ರೀನ್ ಸ್ಪಾಟೆಡ್ ಎರಡೂ ಮುಲುಂಡ್‌ನ ನಮ್ಮ ಮನೆಯಲ್ಲಿವೆ, ಬೇರೆ ಬೇರೆ ಮೂರಡಿ ಟ್ಯಾಂಕುಗಳಲ್ಲಿ. ಮುಳ್ಳು ಪಫರ್ ಇರುವುದು ಠಾಣೆಯಲ್ಲಿ, ಕುಂದಾಪುರದ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ. ಅವರು ಕೆಲಸದ ಮೇಲೆ ಊರೂರು ತಿರುಗುವವರು. ಹಾಗಾಗಿ ಅದಕ್ಕೆ ಊಟ ಹಾಕುವುದು, ನೀರು ಬದಲಿಸುವುದು ಹೆಚ್ಚಾಗಿ ನನ್ನ ಪಾಲಿಗೇ ಬಂದಿದೆ. ಮೂರನ್ನೂ ಹತ್ತಿರದಿಂದ ನೋಡಿದ ಮೇಲೆ ನನ್ನ ಆಯ್ಕೆ ಗ್ರೀನ್ ಸ್ಪಾಟೆಡ್. ಬಣ್ಣಕ್ಕಲ್ಲ, ಮುಖಕ್ಕೂ ಅಲ್ಲ. ಮುಂಬೈಯ ಸೆಕೆ, ಕರೆಂಟು, ಫ್ಲ್ಯಾಟಿನ ಜಾಗ ಇವುಗಳ ಜೊತೆ ಹೊಂದಿಕೊಂಡು ಬಾಳುವ ಪಫರ್ ಅದೊಂದೇ ಅನ್ನುವುದಕ್ಕೆ.

ಮುಳ್ಳು ಪಫರ್ ನೋಡಿದರೆ ಯಾರ ಮನಸ್ಸಾದರೂ ಕರಗುತ್ತದೆ, ಅದನ್ನು ಒಪ್ಪಲೇಬೇಕು. ನಾವು ಬಾಗಿಲು ತೆಗೆದರೆ ಸಾಕು, ಗಾಜಿನ ಹತ್ತಿರ ಬಂದು ನಿಲ್ಲುತ್ತದೆ. ಊಟ ತಡವಾದರೆ ಮೇಲೆ ಬಂದು ಬಾಯಲ್ಲಿ ನೀರು ಚಿಮ್ಮುತ್ತದೆ. ನನ್ನ ಮಗಳಿಗೆ ಅದೆಂದರೆ ಜೀವ. ‘ಅಪ್ಪ, ಇದನ್ನೇ ನಮ್ಮನೆಗೆ ತಗೊಂಡು ಹೋಗೋಣ’ ಅಂತ ಪ್ರತಿ ಸಲವೂ ಕೇಳುತ್ತಾಳೆ.

ಆದರೆ ಅಂಗಡಿಯಲ್ಲಿ ಮೂರು ನಾಲ್ಕು ಇಂಚು ಇರುವ ಈ ಮೀನು ಟ್ಯಾಂಕಿನಲ್ಲೇ ಒಂದಡಿಯವರೆಗೆ ಬೆಳೆಯುತ್ತದೆ. ಸಮುದ್ರದಲ್ಲಿ ಅರ್ಧ ಮೀಟರ್ ಮುಟ್ಟುವುದೂ ಉಂಟು. ಅದು ತಿರುಗಿ ಈಜುವಷ್ಟು ಜಾಗ ಬೇಕು ಅಂದರೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಅದರಲ್ಲಿ ಹಿಡಿಯುವ ನೀರು ಸುಮಾರು 680 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿದರೆ ಒಂದು ಟನ್ ಹತ್ತಿರ. ನಮ್ಮ ದೇಶದ ಕಟ್ಟಡ ನಿಯಮದಲ್ಲಿ ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಈ ಟ್ಯಾಂಕ್ ತನ್ನ ಅಡಿಯ ಜಾಗದ ಮೇಲೆ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಭಾರ ಹಾಕುತ್ತದೆ. ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಇದನ್ನು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳದೆ ಇಡಲೇಬಾರದು. ಠಾಣೆಯ ಗೆಳೆಯರದ್ದು ನೆಲಮಾಳಿಗೆಯಲ್ಲ, ನೆಲಕ್ಕೆ ತಾಗಿದ ಗ್ರೌಂಡ್ ಫ್ಲೋರ್ ಮನೆ. ಅದಕ್ಕೇ ಅಲ್ಲಿ ಅದು ಸಾಧ್ಯವಾಗಿದೆ. ನನ್ನ ಮೂರಡಿ ಟ್ಯಾಂಕುಗಳನ್ನೂ ಗೋಡೆಗೆ ತಾಗಿಸಿ, ಅಡಿಯಲ್ಲಿ ಬೀಮ್ ಇರುವ ಕಡೆಯೇ ಇಟ್ಟಿದ್ದೇನೆ.

ಮುಳ್ಳು ಪಫರ್ ತಿನ್ನುವುದು ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ನೊರೆ ಎಬ್ಬಿಸಿ ಗಲೀಜು ತೆಗೆಯುವ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಹಗಲೂ ರಾತ್ರಿ ಓಡಿದರೂ, ಗಲೀಜಿನಿಂದ ಹುಟ್ಟುವ ನೈಟ್ರೇಟ್ ಏರುತ್ತಲೇ ಇರುತ್ತದೆ. ಕಾಲು ಭಾಗ ನೀರು ಬದಲಿಸಬೇಕು ಅಂದರೆ 170 ಲೀಟರ್. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಲೆಕ್ಕದಲ್ಲಿ ಒಂದು ಸಲಕ್ಕೆ ಆರು ಕಿಲೋ ಅಕ್ವೇರಿಯಂ ಉಪ್ಪು. ಆ ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬೇರೆ ಕೆಲಸ ಇಟ್ಟುಕೊಳ್ಳುವ ಹಾಗಿಲ್ಲ.

ಉಪ್ಪು ಯಾಕೆ ಕೊಳ್ಳಬೇಕು, ಪಕ್ಕದಲ್ಲೇ ಸಮುದ್ರ ಇದೆಯಲ್ಲ ಅಂತ ಎಷ್ಟೋ ಜನ ಕೇಳುತ್ತಾರೆ. ಮುಂಬೈ ತೀರದ ನೀರಿಗೆ ಕೊಳಚೆ ಸೇರುತ್ತದೆ. ಮಳೆಗಾಲದಲ್ಲಿ ಅದರ ಉಪ್ಪೂ ಇಳಿದಿರುತ್ತದೆ. ನಾನು ಆರ್‌ಓ ನೀರಿಗೆ ಪ್ಯಾಕೆಟ್ ಉಪ್ಪನ್ನೇ ಬೆರೆಸುತ್ತೇನೆ. ನೀರಿನ ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಅನ್ನುವ ಉಪಕರಣ ಇಟ್ಟುಕೊಂಡರೆ ಒಳ್ಳೆಯದು, ಒಳಗೆ ಮುಳ್ಳು ತೇಲುವ ಪ್ಲಾಸ್ಟಿಕ್ ಡಬ್ಬಿಯ ಲೆಕ್ಕ ನೆಚ್ಚಿಕೊಳ್ಳುವಂಥದ್ದಲ್ಲ.

ವ್ಯಾಲೆಂಟಿನಿ ಇದಕ್ಕೆ ಪೂರ್ತಿ ಉಲ್ಟಾ. ಪೂರ್ತಿ ಬೆಳೆದರೂ ಹೆಚ್ಚೆಂದರೆ 11 ಸೆಂಟಿಮೀಟರ್. ಬಿಳಿ ಮೈ, ಅದರ ಮೇಲೆ ನಾಲ್ಕು ಕಪ್ಪು ಪಟ್ಟೆ. ನಡುವಿನ ಎರಡು ಪಟ್ಟೆ ಹೊಟ್ಟೆಯ ಕಡೆಗೆ ಇಳಿಯುತ್ತವೆ. ಕಣ್ಣಿನ ಹಿಂದೆ ಸಣ್ಣ ನೀಲಿ ಗೆರೆಗಳು. ಲೈಟ್ ಹಾಕಿದಾಗ ಆ ಗೆರೆಗಳು ಹೊಳೆಯುವುದನ್ನು ಎಷ್ಟು ನೋಡಿದರೂ ಸಾಲದು. ನಮ್ಮ 190 ಲೀಟರ್ ಟ್ಯಾಂಕಿನಲ್ಲಿ ಅದು ಆರಾಮವಾಗಿದೆ. ಜೊತೆಗೆ ಎರಡು ಡ್ಯಾಮ್ಸೆಲ್ ಮೀನುಗಳಿವೆ, ಜಗಳವಿಲ್ಲ. ಉದ್ದ ರೆಕ್ಕೆಯ ಮೀನು ಬಿಟ್ಟರೆ ಮಾತ್ರ ರೆಕ್ಕೆ ಕಚ್ಚುತ್ತದೆ. ಸಿಗಡಿ, ಬಸವನಹುಳುಗಳನ್ನು ಉಳಿಸುವುದಿಲ್ಲ.

ಕೊಳ್ಳುವಾಗ ಒಂದು ವಿಷಯ ನೋಡಬೇಕು. ಪಫರ್‌ನ ಮೈಯಲ್ಲಿ ವಿಷ ಇರುವುದರಿಂದ ದೊಡ್ಡ ಮೀನುಗಳು ವ್ಯಾಲೆಂಟಿನಿಯ ತಂಟೆಗೆ ಹೋಗುವುದಿಲ್ಲ. ಅದರ ವೇಷವನ್ನೇ ಹಾಕಿಕೊಂಡು ಬದುಕುವ ಒಂದು ಫೈಲ್‌ಫಿಶ್ ಕೂಡ ಸಮುದ್ರದಲ್ಲಿದೆ. ಪಟ್ಟೆ, ಚುಕ್ಕೆ ಎಲ್ಲ ಹಾಗೇ. ಬೆನ್ನಿನ ರೆಕ್ಕೆ ನೋಡಿದರೆ ಗುರುತು ಸಿಗುತ್ತದೆ. ವ್ಯಾಲೆಂಟಿನಿಯ ರೆಕ್ಕೆ ಬಾಲದ ಹತ್ತಿರ ಸಣ್ಣ ಬೀಸಣಿಗೆಯಂತೆ ಇರುತ್ತದೆ. ಫೈಲ್‌ಫಿಶ್‌ನದ್ದು ಬೆನ್ನುದ್ದಕ್ಕೂ ಹರಡಿರುತ್ತದೆ.

ಇಷ್ಟೆಲ್ಲ ಇದ್ದೂ ವ್ಯಾಲೆಂಟಿನಿಯನ್ನು ಯಾಕೆ ಮೊದಲಿಗೆ ಇಡುವುದಿಲ್ಲ ಅಂದರೆ, ಅದು ಹವಳದ ದಿಬ್ಬಗಳ ಮೀನು. ನೀರು 24ರಿಂದ 27 ಡಿಗ್ರಿ ಇರಬೇಕು, ಉಪ್ಪುನೀರಿನ ಸಾಂದ್ರತೆ (ಸಾದಾ ನೀರನ್ನು 1.000 ಅಂತ ಹಿಡಿದರೆ) 1.025ರ ಆಸುಪಾಸಿನಲ್ಲೇ ನಿಲ್ಲಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸುಮ್ನೆ ಬಿಟ್ಟರೆ ಟ್ಯಾಂಕಿನ ನೀರು 31 ದಾಟುತ್ತದೆ. ಅಕ್ಟೋಬರ್ ಸೆಕೆಯಲ್ಲೂ ಅದೇ ಕಥೆ. ನೀರಿನ ಮೇಲೆ ಸಣ್ಣ ಫ್ಯಾನ್ ಕಟ್ಟಿದರೆ ಎರಡು ಡಿಗ್ರಿ ಇಳಿಯುತ್ತದೆ, ಯಾಕೆಂದರೆ ನೀರು ಆವಿಯಾಗುವಾಗ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಆದರೆ ಗಾಳಿಯಲ್ಲೇ ನೀರು ತುಂಬಿರುವ ಜೂನ್‌ನಲ್ಲಿ ಆವಿಯಾಗುವುದೇ ಕಡಿಮೆ. ಆಗ ಫ್ಯಾನ್ ಇದ್ದೂ ಇಲ್ಲದ ಹಾಗೆ. ಕೊನೆಗೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಹಾಕಿಸಲೇಬೇಕಾಯಿತು. ಆ ಟ್ಯಾಂಕಿಗೆ ಖರ್ಚು ಮಾಡಿದ್ದರಲ್ಲಿ ಅತಿ ದುಬಾರಿ ವಸ್ತು ಅದೇ, ತಿಂಗಳ ಬಿಲ್ಲಿನಲ್ಲೂ ಅದರ ಪಾಲು ಕಾಣುತ್ತದೆ. ಫ್ಯಾನ್ ಇಡುವವರು ಇನ್ನೊಂದು ನೆನಪಿಡಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ ತುಂಬಿಸಬೇಕಾದದ್ದು ಸಾದಾ ಆರ್‌ಓ ನೀರನ್ನು.

ಈಗ ಗ್ರೀನ್ ಸ್ಪಾಟೆಡ್‌ಗೆ ಬರೋಣ. ಕ್ರಾಫರ್ಡ್ ಮಾರ್ಕೆಟ್ ಆಗಲಿ, ಕುರ್ಲಾ ಆಗಲಿ, ಇದನ್ನು ಗಪ್ಪಿ, ಗೋಲ್ಡ್‌ಫಿಶ್‌ಗಳ ಸಾಲಿನಲ್ಲೇ ಇಟ್ಟಿರುತ್ತಾರೆ. ಬೆಲೆಯೂ ಮೂರರಲ್ಲಿ ತೀರಾ ಕಡಿಮೆ. ಹೊಟ್ಟೆ ಒಳಗೆ ಹೋಗಿ, ಬಣ್ಣ ಮಂಕಾಗಿ, ಗಾಜಿನ ಮೂಲೆಯಲ್ಲಿ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದು ನದಿ ಸಮುದ್ರ ಸೇರುವ ಅಳಿವೆಯ ಮೀನು, ಭರತ ಬಂದಾಗ ಉಪ್ಪು, ಇಳಿತಕ್ಕೆ ಚಪ್ಪೆ ನೀರು, ಎರಡನ್ನೂ ಕಂಡದ್ದು. ಅದನ್ನು ಬರೀ ಸಿಹಿನೀರಿನಲ್ಲಿ ಬಿಟ್ಟರೆ ಸ್ವಲ್ಪ ಕಾಲ ಬದುಕಿ, ಆಮೇಲೆ ರೋಗ ಹಿಡಿದು ಸಾಯುತ್ತದೆ. ಉಪ್ಪು ಕೊಟ್ಟರೆ ವರ್ಷಗಟ್ಟಲೆ ಬಾಳುತ್ತದೆ, 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ.

ಉಪ್ಪು ಏರಿಸುವುದರಲ್ಲಿ ಅವಸರ ಸಲ್ಲದು. ನಾನು ವಾರದ ನೀರು ಬದಲಾವಣೆಯಲ್ಲಿ ಸಾಂದ್ರತೆಯನ್ನು 0.002ರಷ್ಟು ಮಾತ್ರ ಏರಿಸುತ್ತಾ ಹೋದೆ. ಮೀನು ತಡೆದುಕೊಳ್ಳುತ್ತದೆ, ಆದರೆ ಫಿಲ್ಟರಿನಲ್ಲಿ ಕೂತು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ನೀರನ್ನು 1.020ಕ್ಕೆ ತಂದು ನಿಲ್ಲಿಸಲು ಎರಡು ಮೂರು ತಿಂಗಳು ಹಿಡಿಯಿತು. ಆ ಹೊತ್ತಿಗೆ ಮೀನು ಗುರುತೇ ಸಿಗದಷ್ಟು ಬದಲಾಗಿತ್ತು. ಬೆನ್ನು ಎಳೆ ಬಾಳೆಎಲೆಯ ಹಸಿರು, ಹೊಟ್ಟೆ ಬೆಳ್ಳಗೆ, ಚುಕ್ಕೆಗಳು ಅಚ್ಚೊತ್ತಿದ ಹಾಗೆ.

ನೀರು 28 ಡಿಗ್ರಿಗಿಂತ ಸ್ವಲ್ಪ ಏರಿದರೂ ಇದು ತಡೆದುಕೊಳ್ಳುತ್ತದೆ. ಫ್ಯಾನ್‌ನಲ್ಲೇ ಬೇಸಿಗೆ ಕಳೆಯುತ್ತೇನೆ, ಚಿಲ್ಲರ್ ಇಲ್ಲ. ಉಪ್ಪು ಸ್ವಲ್ಪ ಹೆಚ್ಚುಕಡಿಮೆಯಾದರೆ ಊಟ ಬಿಡುವುದಿಲ್ಲ. ಬಿಳಿ ಚುಕ್ಕೆ ರೋಗದ ವಿಷಯದಲ್ಲಿ ಈ ಗುಣ ದೊಡ್ಡ ವರ. ಪಫರ್‌ಗಳಿಗೆ ಹುರುಪೆ ಇಲ್ಲ, ತಾಮ್ರ ಬೆರೆತ ಔಷಧ ಅವಕ್ಕೆ ಸುಲಭವಾಗಿ ತಾಗುತ್ತದೆ. ಅದರ ಬದಲು ನೀರಿನ ಸಾಂದ್ರತೆಯನ್ನು 1.009ಕ್ಕೆ ಇಳಿಸಿ ಕೆಲವು ವಾರ ಇಟ್ಟರೆ ಉಪ್ಪುನೀರಿನಲ್ಲಿ ಆ ರೋಗ ತರುವ ಪರಾವಲಂಬಿ ಬದುಕುವುದಿಲ್ಲ. ವ್ಯಾಲೆಂಟಿನಿಗೆ ಹೀಗೆ ಮಾಡುವಾಗ ಬೇರೆ ಟ್ಯಾಂಕ್, ದಿನಾ ಅಳತೆ, ಎದೆಬಡಿತ ಎಲ್ಲ ಇತ್ತು. ಗ್ರೀನ್ ಸ್ಪಾಟೆಡ್‌ಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ.

ಇದರ ಕೊರತೆ ಒಂದೇ, ಸಿಡುಕು. ಜೊತೆಗೆ ಯಾರನ್ನು ಬಿಟ್ಟರೂ ಕಚ್ಚುತ್ತದೆ. ಒಂದು ಟ್ಯಾಂಕಿಗೆ ಒಂದೇ ಮೀನು. ನನಗಂತೂ ಅದು ಕೊರತೆ ಅನ್ನಿಸಿಲ್ಲ. ಅಂದಹಾಗೆ, ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿಗಳ ಪುಟ್ಟ ಪೀ ಪಫರ್ ಕೂಡ ಇದೇ ಅಂಗಡಿಗಳಲ್ಲಿ ಸಿಗುತ್ತದೆ. ಅದು ಪೂರ್ತಿ ಸಿಹಿನೀರಿನದು, ಅದಕ್ಕೆ ಉಪ್ಪು ಹಾಕಲೇಬೇಡಿ.

ಮೂರಕ್ಕೂ ಸಮಾನವಾಗಿ ಕಾಡುವುದು ಹಲ್ಲಿನ ವಿಷಯ. ಪಫರ್ ಹಲ್ಲು ಗಿಳಿಯ ಕೊಕ್ಕಿನಂತೆ ಕೂಡಿಕೊಂಡಿರುತ್ತದೆ, ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಒಡೆದು ಸವೆಸದಿದ್ದರೆ ಬಾಯಿ ತೆರೆಯಲಾಗದೆ ಉಪವಾಸ ಬೀಳುತ್ತದೆ. ಪ್ಯಾಕೆಟ್‌ನ ಒಣ ಕಾಳು ಇದಕ್ಕೆ ಸಾಲದು. ಮುಲುಂಡ್ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಮಾವಶಿಯ ಹತ್ತಿರ ಮರಾಠಿಯಲ್ಲಿ ತಿಸ್ರ್ಯಾ ಅಂತ ಕೇಳಿದರೆ ಮರುವಾಯಿ, ಅಂದರೆ ಸಣ್ಣ ಚಿಪ್ಪುಮೀನು ಕೊಡುತ್ತಾರೆ. ಅದರಲ್ಲೇ ಉಗುರಿನಷ್ಟು ಸಣ್ಣವನ್ನು ಆರಿಸಿಕೊಳ್ಳುತ್ತೇನೆ. ‘ಇಷ್ಟು ಸಣ್ಣದರಲ್ಲಿ ಏನು ಸಾರು ಆಗುತ್ತೆ?’ ಅಂತ ಅವರು ಮೊದಮೊದಲು ಕೇಳುತ್ತಿದ್ದರು. ಈಗ ಅವರೇ ಬೇರೆ ಮಾಡಿ ಇಟ್ಟಿರುತ್ತಾರೆ. ತಂದದ್ದನ್ನು ತೊಳೆದು, ಕೆಲವು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಹಾಕುತ್ತೇನೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತಾಗ ಮಾರ್ಕೆಟ್ಟಿನಲ್ಲಿ ಬೇಕಾದ್ದು ಸಿಗುವುದು ಕಷ್ಟ. ಮೇ ಕೊನೆಗೇ ಒಂದು ಡಬ್ಬಿ ತುಂಬಿಸಿಡಬೇಕು.

ಗ್ರೀನ್ ಸ್ಪಾಟೆಡ್ ಮರುವಾಯಿ ತಿನ್ನುವುದನ್ನು ಕೂತು ನೋಡಬೇಕು. ಮೊದಲು ಚಿಪ್ಪಿನ ಸುತ್ತ ಒಂದು ಸುತ್ತು. ಆಮೇಲೆ ತಲೆ ಓರೆ ಮಾಡಿ ಒಂದು ಕಣ್ಣಿನಿಂದ ಚಿಪ್ಪನ್ನೂ ಇನ್ನೊಂದರಿಂದ ನನ್ನನ್ನೂ ನೋಡುತ್ತದೆ. ಅದರ ಎರಡು ಕಣ್ಣು ಬೇರೆ ಬೇರೆ ಕಡೆ ತಿರುಗುತ್ತವೆ. ಒಂದಿಂಚು ಹಿಂದೆ ಸರಿದು, ಬಾಲ ಮಡಚಿ, ಅಂಚಿಗೇ ಬಾಯಿ ಹಾಕುತ್ತದೆ. ‘ಕಟ್’ ಅನ್ನುವ ಸದ್ದು ಸೋಫಾದಲ್ಲಿ ಕೂತವರಿಗೂ ಕೇಳುತ್ತದೆ. ಚಿಪ್ಪಿನ ಚೂರು ಕಿವಿರಿನ ಸಂದಿಯಿಂದ ಹೊರಗೆ ಉದುರುತ್ತದೆ. ಮುಳ್ಳು ಪಫರ್ ಇಷ್ಟೆಲ್ಲ ನಾಜೂಕು ಮಾಡುವುದಿಲ್ಲ. ಏಡಿಯ ಕಾಲನ್ನು ಒಂದೇ ಏಟಿಗೆ ಪುಡಿ ಮಾಡುತ್ತದೆ. ಅದಕ್ಕೆ ಬೆರಳಲ್ಲಿ ತಿನ್ನಿಸಬಾರದು, ಉದ್ದ ಇಕ್ಕಳವೇ ಸರಿ. ವ್ಯಾಲೆಂಟಿನಿಯ ಬಾಯಿ ತೀರಾ ಸಣ್ಣದು, ಅದಕ್ಕೆ ಬಾಯಿ ತೆರೆದ ಅರ್ಧ ಚಿಪ್ಪು ಕೊಡುತ್ತೇನೆ. ಉಳಿದ ಸವೆತ ಕಲ್ಲು ಕೆರೆಯುವುದರಲ್ಲೇ ಆಗುತ್ತದೆ.

ಸಿಗಡಿ ಒಂದನ್ನೇ ಹಾಕುತ್ತಾ ಹೋಗಬೇಡಿ. ಹಸಿ ಸಿಗಡಿಯಲ್ಲಿ, ಕೆಲವು ಚಿಪ್ಪುಗಳಲ್ಲಿ ಬಿ1 ವಿಟಮಿನ್ ಕೆಡಿಸುವ ಅಂಶ ಇರುತ್ತದೆ. ನಡುನಡುವೆ ಏಡಿ, ಬೊಂಡಾಸ್ (ಸ್ಕ್ವಿಡ್), ವಾರಕ್ಕೊಮ್ಮೆ ವಿಟಮಿನ್ ಹನಿ ಹಾಕಿದ ಊಟ, ಹೀಗೆ ಬದಲಿಸುತ್ತಿರಬೇಕು.

ಅಲಂಕಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹವಳದ ತುಂಡು ಮಾತ್ರ ಬೇಡ. ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸಮುದ್ರಕುದುರೆಗೂ ಇದೆ. ಸೆರಾಮಿಕ್ ಕಲ್ಲು ಸಾಕು. ಟ್ಯಾಂಕಿಗೆ ಕೈ ಹಾಕಿದ ಮೇಲೆ ಸೋಪು ಹಚ್ಚಿ ತೊಳೆಯಿರಿ. ಮೀನು ಸತ್ತರೆ ಬೀದಿ ಬೆಕ್ಕಿಗೆ ಸಿಗುವ ಹಾಗೆ ಎಸೆಯಬೇಡಿ, ಆಳವಾಗಿ ಹೂಳಿ. ಪಫರ್‌ನ ವಿಷ ಬೇಯಿಸಿದರೂ ಹೋಗುವುದಿಲ್ಲ, ಅದಕ್ಕೆ ಪ್ರತಿಮದ್ದೂ ಇಲ್ಲ.

ಗ್ರೌಂಡ್ ಫ್ಲೋರ್ ಮನೆ, ಆರಡಿ ಜಾಗ, ವಾರಕ್ಕೊಂದು ಬೆಳಗ್ಗೆ ಪೂರ್ತಿ ಬಿಡುವು ಇರುವವರು ಮುಳ್ಳು ಪಫರ್ ತರಬಹುದು. ಈಗಾಗಲೇ ಚಿಲ್ಲರ್ ಇರುವ ಉಪ್ಪುನೀರಿನ ಟ್ಯಾಂಕ್ ನಡೆಸುತ್ತಿರುವವರಿಗೆ ವ್ಯಾಲೆಂಟಿನಿ. ಹೊಸಬರು ಟ್ಯಾಂಕಿಗೆ ನೀರು ತುಂಬಿಸಿ, ಫಿಲ್ಟರ್ ನಾಲ್ಕಾರು ವಾರ ಓಡಿಸಿ, ಅಮೋನಿಯಾ ಸೊನ್ನೆ ಬಂದ ಮೇಲೆ ಗ್ರೀನ್ ಸ್ಪಾಟೆಡ್ ಹುಡುಕಲು ಹೊರಡಿ. ಅಂಗಡಿಯಲ್ಲಿ ಮೀನಿಗೆ ನಿಮ್ಮೆದುರೇ ಊಟ ಹಾಕಿಸಿ, ತಿಂದರೆ ಮಾತ್ರ ಕೊಳ್ಳಿ. ಬಲೆಯಲ್ಲಿ ಎತ್ತಲು ಬಿಡಬೇಡಿ. ನೀರಿನಿಂದ ಹೊರಗೆ ಬಂದ ಪಫರ್ ಹೆದರಿ ಗಾಳಿ ನುಂಗುತ್ತದೆ, ಆ ಗಾಳಿ ಹೊರಗೆ ಹಾಕಲಾಗದೆ ಒದ್ದಾಡುತ್ತದೆ. ನೀರಿನೊಳಗೇ ಡಬ್ಬಿ ಮುಳುಗಿಸಿ, ಮೀನು ಅದರೊಳಗೆ ಬಂದ ಮೇಲೆ ನೀರಿನ ಸಮೇತ ಎತ್ತಿಸಿ.