160ರಿಂದ 130ಕ್ಕೆ ಇಳಿಯುವ ಫೋರ್ಕ್: ಏರು ಹತ್ತೋಕೆ ನಿಜಕ್ಕೂ ಉಪಯೋಗ ಇದೆಯಾ?

ನನ್ನ ಮೌಂಟೇನ್ ಬೈಕಿನಲ್ಲಿ ಇರುವುದು ಟ್ರಾವೆಲ್ (ಫೋರ್ಕ್ ಕುಗ್ಗುವ ದೂರ) ಕಡಿಮೆ ಮಾಡಬಹುದಾದ ಏರ್ ಫೋರ್ಕ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಮುಂದಿನ ಸಸ್ಪೆನ್ಷನ್. ಪೂರ್ತಿ ಬಿಟ್ಟರೆ 160 ಮಿ.ಮೀ., ಏರು ಬಂದಾಗ 130. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡು ಕೆಲವು ವರ್ಷ ಆಯಿತು. ರಾಕ್‌ಶಾಕ್ಸ್‌ನ ಡ್ಯುಯಲ್ ಪೊಸಿಷನ್ ಏರ್, ಫಾಕ್ಸ್‌ನ ಟಾಲಸ್ ಎಲ್ಲ ಇದೇ ಜಾತಿಯವು. ಹೊಸ ಬೈಕ್‌ಗಳಲ್ಲಿ ಈಗ ಅಪರೂಪ, ಹಳೆಯವು ಮಾರಾಟಕ್ಕೆ ಬರುತ್ತಿರುತ್ತವೆ.

ಫೋರ್ಕಿನ ಎಡಗಡೆ ಕಾಲಿನ ಮೇಲಿರುವ ನಾಬ್ ತಿರುಗಿಸಿ, ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಅದುಮಿದರೆ ಫೋರ್ಕ್ ಇಳಿದು ಅಲ್ಲೇ ನಿಲ್ಲುತ್ತದೆ. ನಾಬ್ ವಾಪಸ್ ತಿರುಗಿಸಿ ಭಾರ ತೆಗೆದರೆ ಮೇಲೆ ಬರುತ್ತದೆ. 30 ಮಿ.ಮೀ. ಇಳಿದಾಗ ಹೆಡ್ ಟ್ಯೂಬ್ (ಫ್ರೇಮಿನಲ್ಲಿ ಫೋರ್ಕ್ ಕೂರುವ ಕೊಳವೆ), ಸೀಟ್ ಟ್ಯೂಬ್ (ಸೀಟು ಕೂರುವ ಕೊಳವೆ) ಎರಡೂ ಸುಮಾರು ಒಂದೂವರೆ ಡಿಗ್ರಿ ನೆಟ್ಟಗಾಗುತ್ತವೆ. ಮುಂದಿನ ಚಕ್ರದ ಮೇಲೆ ತೂಕ ಬೀಳುತ್ತದೆ.

ಇದರ ಉಪಯೋಗ ಗೊತ್ತಾಗಿದ್ದು ಚಿಕ್ಕಮಗಳೂರು ಕಡೆಯ ಎಸ್ಟೇಟ್ ಜೀಪ್ ದಾರಿಗಳಲ್ಲಿ. ಕಡಿದಾದ ಏರು, ಸಡಿಲ ಜಲ್ಲಿ, ಅತಿ ಸಣ್ಣ ಗೇರ್. 160ರಲ್ಲಿ ಮುಂದಿನ ಚಕ್ರ ಆಚೆ ಈಚೆ ತೂಗಾಡುತ್ತದೆ, ತಿರುವಿನಲ್ಲಿ ಮೇಲೇಳುತ್ತದೆ. ಸೀಟಿನ ತುದಿಗೆ ಜರುಗಿ, ಮೊಣಕೈ ಮಡಚಿ ಒದ್ದಾಡಬೇಕು. 130ಕ್ಕೆ ಇಳಿಸಿದರೆ ಹಾಯಾಗಿ ಕೂತೇ ತುಳಿಯಬಹುದು. ವೇಗ ಜಾಸ್ತಿ ಆಗುವುದಿಲ್ಲ, ಸೊಂಟ ಮಾತ್ರ ಉಳಿಯುತ್ತದೆ.

ಆದರೆ ನಾವು ವಾರ ವಾರ ಓಡಿಸುವುದು ಬೆಂಗಳೂರಿನ ಸುತ್ತಮುತ್ತ, ಅಲ್ವಾ? ತುರಹಳ್ಳಿಯಲ್ಲಿ ಏರುಗಳು ಚಿಕ್ಕವು. ನಾಬ್ ತಿರುಗಿಸಿ ಅದುಮುವಷ್ಟರಲ್ಲಿ ಏರು ಮುಗಿದಿರುತ್ತದೆ. ಮೇಲಾಗಿ ಫೋರ್ಕ್ ಇಳಿದಾಗ ಬಾಟಮ್ ಬ್ರಾಕೆಟ್ (ಪೆಡಲ್ ಕಡ್ಡಿಗಳು ತಿರುಗುವ ಜಾಗ) ಕೂಡ ಸುಮಾರು ಒಂದು ಸೆಂಟಿಮೀಟರ್ ಕೆಳಗೆ ಬರುತ್ತದೆ. ಅಲ್ಲಿನ ಬಂಡೆಗಳ ಮೇಲೆ ಅಷ್ಟು ಸಾಕು, ಪೆಡಲ್ ಟಕ್ ಅಂತ ಬಡಿಯುತ್ತದೆ. ನನ್ನ ಬಲಗಡೆ ಪೆಡಲಿನ ಅಂಚು ಪೂರ್ತಿ ಸವೆದು ಬೆಳ್ಳಗಾಗಿದೆ. ತುರಹಳ್ಳಿಯಲ್ಲಿ ಈಗ ನಾಬ್ ಮುಟ್ಟುವುದೇ ಇಲ್ಲ. ನಂದಿ ಬೆಟ್ಟದ ಡಾಂಬರಿನಲ್ಲೂ ಇದಕ್ಕಿಂತ ಫೋರ್ಕ್ ಕುಗ್ಗದ ಹಾಗೆ ಬಿಗಿ ಮಾಡುವ ಲಾಕ್‌ಔಟ್ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇಳಿಜಾರಿನಲ್ಲಿ ನನಗಿರುವ ದೂರು ಬೇರೆ. ಒಳಗೆ ಗಾಳಿಯ ವ್ಯವಸ್ಥೆ ಸಿಕ್ಕಾಪಟ್ಟೆ ಸಂಕೀರ್ಣ. ಗಾಳಿಯ ಜಾಗ ಕಡಿಮೆ ಮಾಡಲು ಮಾಮೂಲಿ ಏರ್ ಫೋರ್ಕ್‌ಗೆ ಹಾಕುವ ಪ್ಲಾಸ್ಟಿಕ್ ಟೋಕನ್ ಡ್ಯುಯಲ್ ಪೊಸಿಷನ್‌ಗೆ ಹಾಕಲು ಬರುವುದಿಲ್ಲ. ಹಾಗಾಗಿ ಕೊನೆಯ ಹಂತದಲ್ಲಿ ಎಷ್ಟು ಗಟ್ಟಿಯಾಗಬೇಕು ಅಂತ ನಮಗೆ ಬೇಕಾದ ಹಾಗೆ ಹೊಂದಿಸಲು ಆಗುವುದಿಲ್ಲ. ಸಣ್ಣ ಕಲ್ಲುಗಳ ಮೇಲೂ ಕೈಗೆ ಸ್ವಲ್ಪ ಒರಟು. ಸ್ಯಾಗ್ ಅನ್ನು (ಬೈಕ್ ಮೇಲೆ ಕೂತಾಗ ಮೈಭಾರಕ್ಕೆ ಫೋರ್ಕ್ ಕುಗ್ಗುವಷ್ಟು) 160ರಲ್ಲಿ ಇಟ್ಟೇ ಅಳೆಯಿರಿ, ಸಸ್ಪೆನ್ಷನ್‌ಗೆಂದೇ ಇರುವ ಶಾಕ್ ಪಂಪಿನಲ್ಲೇ ಗಾಳಿ ತುಂಬಿ.

ಸರ್ವೀಸ್ ವಿಷಯ. ನಮ್ಮ ಕೆಂಪು ಧೂಳಿಗೆ ಸೀಲ್ ಬೇಗ ಒಣಗುತ್ತದೆ. ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸುವುದು ಯಾವ ಮೆಕ್ಯಾನಿಕ್‌ಗಾದರೂ ಬರುತ್ತದೆ. ಆದರೆ ಮೇಲಿನ ಏರ್ ಕಾರ್ಟ್ರಿಡ್ಜ್ (ಟ್ರಾವೆಲ್ ಬದಲಿಸುವ ಗಾಳಿಯ ಭಾಗ) ಅಂದ ಕೂಡಲೇ ಒಂದೆರಡು ಕಡೆ ಕೈ ಚೆಲ್ಲಿದರು. ಒಳಗಿನ ಸೀಲ್ ತರಿಸಲು ವಾರಗಟ್ಟಲೆ ಕಾದೆ.

ಈಗಿನ ಬೈಕ್‌ಗಳ ಸೀಟ್ ಟ್ಯೂಬ್ ಮೊದಲೇ ನೆಟ್ಟಗಿರುತ್ತದೆ. ಅಂಥದ್ದಕ್ಕೆ ದುಡ್ಡು ಕೊಟ್ಟು ಇದನ್ನು ಹಾಕಿಸಬೇಡಿ. ಹಳೆ ಬೈಕ್, ಮಲೆನಾಡಿನ ಉದ್ದ ಏರು, ಒಳ್ಳೆ ರೇಟು ಮೂರೂ ಕೂಡಿ ಬಂದರೆ ತೆಗೆದುಕೊಳ್ಳಿ. ಕೊಳ್ಳುವ ಮುನ್ನ 130ಕ್ಕೆ ಇಳಿಸಿ, ಹತ್ತು ನಿಮಿಷ ಗೋಡೆಗೆ ಒರಗಿಸಿಡಿ. ತಾನಾಗಿಯೇ ಮೇಲೇರಿದ್ದರೆ ಒಳಗಿನ ಸೀಲ್ ಹೋಗಿದೆ ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ.