ಎದುರಿಗೊಬ್ಬರು ಕೂತರೆ ಸಾಕು: ಬಾಡಿ ಡಬ್ಲಿಂಗ್ ಆ್ಯಪ್ ಹೇಗಿದೆ?

ಬೇಸರದ ಕೆಲಸ ಶುರು ಮಾಡುವುದಕ್ಕೆ ಒಂದು ಆ್ಯಪ್‌ಗೆ ದುಡ್ಡು ಕೊಡುತ್ತೇನೆ ಅಂದರೆ ನಗಬೇಡಿ. ನನಗೆ ಎಡಿಎಚ್‌ಡಿ ಇದೆ, ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು, ಕೆಲಸ ಶುರು ಮಾಡುವುದು ಕಷ್ಟವಾಗುವ ಸ್ಥಿತಿ. ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಬರೆಯುವುದು ಕಷ್ಟವಲ್ಲ. ಇನ್‌ವಾಯ್ಸ್ ಕಳಿಸುವುದು, ಹಳೇ ಮೇಲ್‌ಗೆ ಉತ್ತರ ಕೊಡುವುದು, ಇವು ಕಷ್ಟ. ಹತ್ತು ನಿಮಿಷದ ಕೆಲಸ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ.

ಬಾಡಿ ಡಬ್ಲಿಂಗ್ ಅಂದರೆ ಇಷ್ಟೇ. ಪರಿಚಯವೇ ಇಲ್ಲದ ಒಬ್ಬರು ವಿಡಿಯೋದಲ್ಲಿ ಎದುರು ಕೂತು ಅವರ ಕೆಲಸ ಅವರು ಮಾಡುತ್ತಾರೆ, ನಮ್ಮದು ನಾವು. ಇಂಥ ಸೇವೆಗಳಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು ಫೋಕಸ್‌ಮೇಟ್. ಅಲ್ಲಿ 25, 50, 75 ನಿಮಿಷದ ಸೆಷನ್‌ಗಳಿವೆ, ವಾರಕ್ಕೆ 3 ಪುಕ್ಕಟೆ. ನಾನಿರುವುದು ಬೇರೊಂದರಲ್ಲಿ. ವ್ಯವಸ್ಥೆ ಹೆಚ್ಚುಕಡಿಮೆ ಅದೇ.

ಕ್ಯಾಮೆರಾ ಆನ್ ಆದ ಕೂಡಲೇ ಇಬ್ಬರೂ ಏನು ಮಾಡುತ್ತೇವೆ ಅಂತ ಹೇಳಬೇಕು. "ಮೇಲ್ ನೋಡ್ತೀನಿ" ಅಂದರೆ ನನಗೆ ಸಾಲದು. "ಅಕೌಂಟ್ಸ್‌ನವರ ಮೇಲ್ ತೆರೆದು, ಅವರು ಕೇಳಿದ ಫೈಲ್ ಹಾಕಿ ಕಳಿಸ್ತೀನಿ" ಅಂತ ಬಾಯಿಬಿಟ್ಟು ಹೇಳಿದರೆ ಕೈ ತಾನಾಗೇ ಅತ್ತ ಹೋಗುತ್ತದೆ. ಆಮೇಲೆ ಇಬ್ಬರೂ ಮ್ಯೂಟ್. ಕೊನೆಗೆ ಏನಾಯ್ತು ಅಂತ ಎರಡು ಮಾತು. ಆ ಕಡೆಯವರು ನನ್ನನ್ನೇ ನೋಡುತ್ತಾ ಕೂತಿರುವುದಿಲ್ಲ, ಗೊತ್ತು. ಆದರೂ ಎದ್ದು ಹೋಗುವುದಕ್ಕೆ ಒಂಥರಾ ಸಂಕೋಚ. ಆ ಸಂಕೋಚಕ್ಕೇ ದುಡ್ಡು ಕೊಡುತ್ತಿದ್ದೇನೆ ಅಂದ್ಕೊಳ್ಳಿ.

ಎಡವಟ್ಟಾಗಿರುವುದು ಆ್ಯಪ್‌ನ ವಾರದ ಪ್ಲಾನರ್. ಪ್ರತಿದಿನ ಅದೇ ಹೊತ್ತು, ಅಷ್ಟೇ ಸೆಷನ್. ಒಂದು ದಿನ ತಪ್ಪಿದರೆ ಕೆಂಪು ಗುರುತು. ನನಗೆ ಆಸರೆ ಬೇಕಿರುವುದು ಶುರು ಮಾಡುವುದಕ್ಕೆ. ಬರವಣಿಗೆಯಲ್ಲಿ ಮುಳುಗಿದಾಗ 50 ನಿಮಿಷಕ್ಕೆ ಗಂಟೆ ಬಾರಿಸಿ ಎಬ್ಬಿಸಿದರೆ ಉಪದ್ರವ. ಕೆಲಸ ಬದಲಿಸಿದರೂ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಬರೆದಿದ್ದಾರೆ. ದಿನಕ್ಕೆ ಅಷ್ಟೊಂದು ಸಲ ಒಂದು ಕೆಲಸದಿಂದ ಇನ್ನೊಂದಕ್ಕೆ ಎಳೆಯುವ ಪ್ಲಾನರ್ ಯಾರಿಗೆ ಬೇಕು?

ಅದನ್ನು ಆಫ್ ಮಾಡಿದೆ. ಈಗ ಸೋಮವಾರ, ಗುರುವಾರ ಬೆಳಿಗ್ಗೆ ಮಾತ್ರ ಬುಕಿಂಗ್, 25 ನಿಮಿಷದವು ಒಂದರ ಹಿಂದೆ ಒಂದು. ಬೇಸರದ ಕೆಲಸವೆಲ್ಲ ಅಲ್ಲಿಗೆ. ಮೀಟಿಂಗ್‌ಗಳು ಅದೇ ದಿನಗಳ ಮಧ್ಯಾಹ್ನಕ್ಕೆ. ಹೇಗೂ ಆ ದಿನಗಳು ಚೂರುಚೂರಾಗಿರುತ್ತವೆ. ಮಂಗಳವಾರ, ಬುಧವಾರ ಪೂರ್ತಿ ಖಾಲಿ, ಬರೆಯುವುದಕ್ಕೆ. ಶುಕ್ರವಾರ ಉಳಿದದ್ದಕ್ಕೆ. ಏನಾದರೂ ಉಳಿದೇ ಇರುತ್ತೆ ಅಲ್ವಾ.

ಇನ್ನೊಂದು ತಕರಾರು. ಜೊತೆಗಾರರು ಬಾರದಿದ್ದರೆ ಆ್ಯಪ್ ಬೇರೊಬ್ಬರನ್ನು ಹುಡುಕುತ್ತದೆ, ಆದರೆ ಅಷ್ಟರಲ್ಲಿ ನನ್ನ ಕೈಯಲ್ಲಿ ಫೋನ್ ಬಂದಿರುತ್ತದೆ. ನಮ್ಮ ಮುಖ ನಮಗೇ ಮೂಲೆಯಲ್ಲಿ ಕಾಣುತ್ತಲೇ ಇರುತ್ತದೆ. ಮರೆಮಾಡುವ ಬಟನ್ ಸೆಟ್ಟಿಂಗ್ಸ್‌ನ ಎಲ್ಲೋ ಒಳಗಿದೆ. ಸಿಗುವ ತನಕ ಸ್ಕ್ರೀನ್ ಮೇಲೆ ಸ್ಟಿಕಿ ನೋಟ್ ಅಂಟಿಸಿಕೊಂಡಿದ್ದೆ. ಕ್ಯಾಮೆರಾ ಮುಂದೆ ಕೂತರೇ ಸುಸ್ತಾಗುವವರಿಗೆ, ಆಟಿಸಂ ಇರುವ ಕೆಲವರಿಗೂ, ಇದು ಹಿಡಿಸದೇ ಇರಬಹುದು.

5ಕ್ಕೆ 3.5. ಪ್ಲಾನರ್ ತೆಗೆದುಹಾಕಿದರೆ 4.5 ಕೊಡುತ್ತೇನೆ. ವರ್ಷದ ಚಂದಾ ಮಾತ್ರ ಈಗಲೇ ಕಟ್ಟಬೇಡಿ. ಹೊಸದರ ಹುಮ್ಮಸ್ಸು ಇಳಿದ ಮೇಲೂ ಬುಕ್ ಮಾಡುತ್ತೀರಾ ಅಂತ ತಿಂಗಳ ಚಂದಾದಲ್ಲೇ ಇದ್ದು ನೋಡಿ.