ದೋಣಿಗೆ ಮರ: ಬಿದ್ದ ಕೊಂಬೆಯೋ, ಮಿಲ್ಲಿನ ಹಲಗೆಯೋ, ಹಳೇ ಮನೆಯ ತೊಲೆಯೋ?

ಮಂಗಳೂರು ಪೇಟೆಯಲ್ಲೇ ಸಣ್ಣ ದೋಣಿಗೆ ಮರ ಹೊಂದಿಸಬೇಕು ಅಂದಿದ್ದೀರಿ. ದೋಣಿಯ ಒಳಗಿನ ಪಕ್ಕೆಲುಬುಗಳಿಗೆ, ಅಂದರೆ ಹೊರಹಲಗೆಗೆ ಆಧಾರವಾಗುವ ಬಾಗಿದ ಮರಗಳಿಗೆ, ಮಳೆಗಾಲದಲ್ಲಿ ಬಿದ್ದ ಹೆಬ್ಬಲಸು, ಹಲಸಿನ ಕೊಂಬೆಗಳನ್ನು ನೋಡಿ. ಕವಲೊಡೆಯುವ ಜಾಗದಲ್ಲಿ ಮರದ ಎಳೆ ಬಾಗಿನ ಜೊತೆಗೇ ತಿರುಗಿರುತ್ತದೆ. ನೇರ ಹಲಗೆಯಲ್ಲಿ ಅದೇ ಬಾಗು ಕೊಯ್ದರೆ ಎಳೆ ತುಂಡಾಗುತ್ತದೆ, ಆಮೇಲೆ ಅಲ್ಲೇ ಸೀಳುತ್ತದೆ. ಖರ್ಚು ಕಡಿಮೆ, ಓಡಾಟ ಜಾಸ್ತಿ. ಬಿದ್ದದ್ದಾದರೂ ಸುಮ್ನೆ ಹೊತ್ತು ತರಬೇಡಿ; ಜಾಗದವರನ್ನು, ರಸ್ತೆಬದಿಯದಾದರೆ ಅರಣ್ಯ ಇಲಾಖೆಯನ್ನು ಕೇಳಿ. ಕೊಯ್ದ ತುದಿಗೆ ಬಣ್ಣ ಬಳಿದು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು.

ಹೊರಹಲಗೆಗೆ ಉದ್ದ ಬೇಕಲ್ವಾ? ದುಡ್ಡು ಜಾಸ್ತಿಯಾದರೂ ಅದಕ್ಕೆ ಮಿಲ್ಲೇ ಸರಿ.

ಈ ಬೇಸಿಗೆಯಲ್ಲೇ ಮುಗಿಸುವ ಅವಸರವಿದ್ದರೆ ಕೆಡವಿದ ಮನೆಯ ತೊಲೆ ತನ್ನಿ, ಚೆನ್ನಾಗಿ ಒಣಗಿರುತ್ತದೆ. ಗೆದ್ದಲು ತಿಂದಿದೆಯಾ ಅಂತ ತಟ್ಟಿ ನೋಡಿ, ಗರಗಸ ಇಡುವ ಮುಂಚೆ ಹಳೇ ಮೊಳೆ ಕೀಳಿ.